ವೆರಿಕೋಸ್ ವೇನ್ಸ್ ಚಿಕಿತ್ಸೆ ಆಯ್ತು, ಈಗ ಇದೇನು? ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. 24 ವರ್ಷ ಕಪ್ಪು ಹಲಗೆಯ ಮುಂದೆ ನಿಂತ ಹೈಸ್ಕೂಲ್ ಮೇಷ್ಟ್ರು. ಎಡಗಾಲಿನ ವೆರಿಕೋಸ್ ವೇನ್ಸ್‌ಗೆ, ಅಂದರೆ ಊದಿ ಸುರುಳಿ ಸುತ್ತಿದ ರಕ್ತನಾಳಗಳಿಗೆ, ಲೇಸರ್ ಮಾಡಿಸಿಕೊಂಡೆ. ನಾಲ್ಕು ವರ್ಷಕ್ಕೆ ಅದೇ ಕಾಲಿನಲ್ಲಿ ಮತ್ತೆ ಹಾವು ಹರಿದ ಹಾಗೆ ಉಬ್ಬು ಎದ್ದಿತು. ಮಾಡಿದ ಆಸ್ಪತ್ರೆಯಲ್ಲಿ (ಹೆಸರು ಬೇಡ ಬಿಡಿ) "ಇನ್ನು ಜೀವಮಾನದಲ್ಲಿ ಬರಲ್ಲ ಸಾರ್" ಅಂದಿದ್ದರು. ಆ ಮಾತಿನ ಸಿಟ್ಟಿಗೇ ನಾನು ಓದಲು ಕೂತಿದ್ದು, ಎರಡನೇ ಸಲ ನೋಡಿದ ಡಾಕ್ಟರಿಗೆ ತಲೆ ಚಿಟ್ಟು ಹಿಡಿಯುವಷ್ಟು ಪ್ರಶ್ನೆ ಕೇಳಿದ್ದು. ಆಮೇಲೆ ಸ್ಟಾಫ್ ರೂಮಿನವರು, ನೆಂಟರು, ನೆಂಟರ ಪಕ್ಕದ ಮನೆಯವರು ಎಲ್ಲರೂ ನನ್ನನ್ನೇ ಕೇಳತೊಡಗಿದರು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿ ಇದನ್ನು ಬರೆದಿದ್ದೇನೆ.

ಅಸಲಿಗೆ ನನ್ನ ಕಾಲಿಗೆ ಏನು ಮಾಡಿದರು?

ಬಾವಿಗೆ ಪಂಪು ಇಟ್ಟವರಿಗೆ ಫುಟ್ ವಾಲ್ವ್ ಗೊತ್ತಿರುತ್ತದೆ. ಅದು ಲೀಕ್ ಆದರೆ ಮೇಲೆ ಎತ್ತಿದ ನೀರೆಲ್ಲ ಮತ್ತೆ ಬಾವಿಗೇ ಇಳಿಯುತ್ತದೆ. ಕಾಲಿನ ರಕ್ತನಾಳದಲ್ಲೂ ಇಂಥ ಪುಟ್ಟ ವಾಲ್ವ್‌ಗಳಿವೆ, ಒಂದಲ್ಲ, ಉದ್ದಕ್ಕೂ. ಮೀನಖಂಡ ಹಿಂಡಿದಾಗ ರಕ್ತ ಮೇಲೆ ಹೋಗುತ್ತದೆ, ವಾಲ್ವ್ ಅದನ್ನು ಕೆಳಗೆ ಬಿಡುವುದಿಲ್ಲ. ವಾಲ್ವ್ ಸಡಿಲವಾದರೆ ರಕ್ತ ಕೆಳಗೆ ಜಾರಿ, ನಿಂತು, ನಾಳ ಊದಿಕೊಂಡು ಸುರುಳಿ ಸುತ್ತುತ್ತದೆ. ಕೆಟ್ಟ ವಾಲ್ವನ್ನು ರಿಪೇರಿ ಮಾಡುವ ಸುಲಭದ ದಾರಿ ಇಲ್ಲ. ಹಾಗಾಗಿ ಆ ಪೈಪನ್ನೇ ಮುಚ್ಚಿಬಿಡುತ್ತಾರೆ. ಲೇಸರ್ ಆದರೂ, ರೇಡಿಯೋ ಫ್ರೀಕ್ವೆನ್ಸಿ ಆದರೂ ಒಳಗಿಂದ ಸುಡುವುದೇ. ಹೆಚ್ಚು ಬಳಕೆಯಲ್ಲಿರುವ ರೇಡಿಯೋ ಫ್ರೀಕ್ವೆನ್ಸಿ ತಂತಿ ಒಂದು ಸಲಕ್ಕೆ 7 ಸೆಂಟಿಮೀಟರ್ ಉದ್ದದ ನಾಳವನ್ನು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ಸೆಕೆಂಡ್ ಕಾಯಿಸುತ್ತದೆ. ಸುತ್ತಲಿನ ಮಾಂಸ, ಚರ್ಮ ಸುಡದಿರಲಿ ಅಂತ ನಾಳದ ಸುತ್ತ ಮರಗಟ್ಟಿಸುವ ಔಷಧಿ ಬೆರೆಸಿದ ತಣ್ಣನೆಯ ನೀರು ತುಂಬುತ್ತಾರೆ. ಫೋಮ್ ಅಂದರೆ ಔಷಧಿಯನ್ನು ನೊರೆ ಮಾಡಿ ಚುಚ್ಚುವುದು. ಗ್ಲೂ ಅಂದರೆ ಅಂಟು ಹಾಕಿ ಮುಚ್ಚುವುದು. ಹಳೆಯ ಆಪರೇಷನ್‌ನಲ್ಲಿ ತೊಡೆಸಂದಿನಲ್ಲಿ ಕೊಯ್ದು, ಕಟ್ಟಿ, ನಾಳವನ್ನೇ ಎಳೆದು ತೆಗೆಯುತ್ತಿದ್ದರು. ಈಗಲೂ ಕೆಲವರಿಗೆ ಅದೇ ಸರಿ.

ಇಲ್ಲಿ ಒಂದು ವಿಷಯ ಗಮನಿಸಿ. ಮುಚ್ಚಿದ್ದು ಒಂದು ಪೈಪನ್ನು. ವಾಲ್ವ್ ಸಡಿಲವಾಗುವ ನಿಮ್ಮ ಮೈಯ ಗುಣವನ್ನಲ್ಲ.

ನರ ಸುಟ್ಟುಬಿಟ್ಟರೆ ಕಾಲಿಗೆ ರಕ್ತ ಹೇಗೆ ಹೋಗುತ್ತದೆ? ಕಾಲು ಬಿದ್ದುಹೋಗಲ್ವಾ?

ಇಲ್ಲ. ನಮ್ಮ ಮಾತಿನಲ್ಲೇ ಒಂದು ತೊಡಕಿದೆ. ರಕ್ತ ಹರಿಯುವ ಕೊಳವೆಗೂ ನರ ಅನ್ನುತ್ತೇವೆ, ನೋವು, ಸ್ಪರ್ಶ ತಿಳಿಸುವ ತಂತಿಗೂ ನರ ಅನ್ನುತ್ತೇವೆ. ಮುಚ್ಚಿದ್ದು ಕೊಳವೆ. ಅದೂ ಕಾಲಿಗೆ ರಕ್ತ ತರುವ ಕೊಳವೆಯಲ್ಲ, ಕಾಲಿನಿಂದ ಹೃದಯಕ್ಕೆ ವಾಪಸ್ ಒಯ್ಯುವ, ಚರ್ಮದ ಹತ್ತಿರ ಇರುವ ಕೊಳವೆ. ವಾಪಸ್ ಹೋಗುವ ರಕ್ತದ ಬಹುಪಾಲು ಸ್ನಾಯುಗಳ ನಡುವಿನ ಆಳದ ನಾಳಗಳಲ್ಲಿ ಹೋಗುತ್ತದೆ. ಅವು ಚೆನ್ನಾಗಿವೆಯಾ ಅಂತ ಸ್ಕ್ಯಾನ್‌ನಲ್ಲಿ ನೋಡಿಯೇ ಮುಂದುವರಿಯುವುದು.

ಮೊದಲ ಮೂರು ದಿನ ಆರಾಮಾಗಿದ್ದೆ, ಆರನೇ ದಿನದಿಂದ ತೊಡೆ ಒಳಗೆ ಎಳೀತಾ ಇದೆ. ಏನೋ ಕೆಟ್ಟಿತಾ?

ಬಹುಮಟ್ಟಿಗೆ ಇಲ್ಲ. ಈ ಪ್ರಶ್ನೆ ಕೇಳದವರೇ ಇಲ್ಲ. ಸುಟ್ಟ ನಾಳ ಒಣಗಿ ಕುಗ್ಗುವಾಗ ಒಳಗೊಂದು ಉರಿಯೂತ ಆಗುತ್ತದೆ, ಅದು ಸಾಮಾನ್ಯವಾಗಿ ಮೊದಲ ವಾರದ ಕೊನೆಯ ಹೊತ್ತಿಗೆ ಜಾಸ್ತಿ. ಮೊಣಕಾಲು ಪೂರ್ತಿ ಚಾಚಿದರೆ ಒಳಗೆ ದಾರ ಎಳೆದಂತೆ ಆಗುತ್ತದೆ. ಮುಟ್ಟಿದರೆ ತೊಡೆಯಲ್ಲಿ ಹಗ್ಗದ ಹಾಗೆ ಗಟ್ಟಿ ಸಿಗುತ್ತದೆ, ಅದೇ ಮುಚ್ಚಿದ ನಾಳ. ನೀಲಿ ಹಸಿರು ಕಂದಿದ ಕಲೆ ಎರಡು ಮೂರು ವಾರ ಇರುತ್ತದೆ. ನಡೆಯುವುದನ್ನು ನಿಲ್ಲಿಸಬೇಡಿ. ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆ ತೆಗೆದುಕೊಳ್ಳಿ. ಗ್ಯಾಸ್ಟ್ರಿಕ್ ಅಥವಾ ಕಿಡ್ನಿ ತೊಂದರೆ ಇದ್ದವರು ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಂದು ನುಂಗಬೇಡಿ.

ಮೀನಖಂಡದಲ್ಲಿ ಗೋಲಿಯಂಥ ಗಂಟು, ಮುಟ್ಟಿದರೆ ನೋವು.

ಮುಚ್ಚಿದ ನಾಳದಲ್ಲಿ ಸಿಕ್ಕಿಹಾಕಿಕೊಂಡ ಹಳೆಯ ರಕ್ತ ಅದು, ಫೋಮ್ ಆದವರಿಗೆ ಜಾಸ್ತಿ. ತಿಂಗಳುಗಳಲ್ಲಿ ತಾನಾಗಿಯೇ ಕರಗುತ್ತದೆ. ತುಂಬ ನೋವಿದ್ದರೆ ಡಾಕ್ಟರು ಸೂಜಿಯಿಂದ ಚುಚ್ಚಿ ಕಪ್ಪು ರಕ್ತ ಹಿಂಡಿ ತೆಗೆಯುತ್ತಾರೆ, ಕೂಡಲೇ ಹಗುರ ಅನ್ನಿಸುತ್ತದೆ, ಕಲೆ ಉಳಿಯುವುದೂ ಕಡಿಮೆ. ಮನೆಯಲ್ಲಿ ನೀವೇ ಒತ್ತಿ ತೀಡಲು ಹೋಗಬೇಡಿ.

ಕಾಲಿನ ಒಂದು ಕಡೆ ಮರಗಟ್ಟಿದೆ. ಇದು ಯಾವ ನರ?

ಇದು ನಿಜವಾದ ನರ, ತಂತಿ. ಮೊಣಕಾಲಿನ ಕೆಳಗೆ, ಕಾಲಿನ ಒಳಬದಿಯಲ್ಲಿ ಓಡುವ ಉದ್ದನೆಯ ರಕ್ತನಾಳದ ಪಕ್ಕದಲ್ಲೇ ಸ್ಪರ್ಶದ ನರವೊಂದು ಅಂಟಿಕೊಂಡಂತೆ ಹೋಗುತ್ತದೆ. ಬಿಸಿ ತಗುಲಿದರೆ ಮೀನಖಂಡದ ಒಳಭಾಗ, ಪಾದದ ಗಂಟಿನ ಹತ್ತಿರ ಜೋಮು ಹಿಡಿದಂತೆ ಆಗುತ್ತದೆ. ಹಿಂಬದಿಯ ಚಿಕ್ಕ ನಾಳಕ್ಕೆ ಚಿಕಿತ್ಸೆ ಆಗಿದ್ದರೆ ಪಾದದ ಹೊರ ಅಂಚು ಮರಗಟ್ಟಬಹುದು. ಅದಕ್ಕೇ ಅನುಭವಸ್ಥರು ಮೊಣಕಾಲಿನ ಕೆಳಗೆ ತೀರಾ ಕೆಳಗಿನವರೆಗೂ ಸುಡಲು ಹಿಂದೇಟು ಹಾಕುತ್ತಾರೆ, ಅಲ್ಲಿ ಫೋಮ್ ಅಥವಾ ಸಣ್ಣ ಕೊಕ್ಕೆಯಿಂದ ನಾಳ ತೆಗೆಯುವುದನ್ನು ಆರಿಸುತ್ತಾರೆ. ಹೆಚ್ಚಿನವರಿಗೆ ಕೆಲವು ವಾರದಿಂದ ಕೆಲವು ತಿಂಗಳಲ್ಲಿ ಸ್ಪರ್ಶ ಮರಳುತ್ತದೆ. ಕೆಲವರಿಗೆ ಅಂಗೈ ಅಗಲದಷ್ಟು ಜಾಗ ಹಾಗೇ ಉಳಿದುಬಿಡುತ್ತದೆ. ನನಗೆ ಪಾದದ ಗಿಣ್ಣಿನ ಮೇಲೆ ರೂಪಾಯಿ ಅಗಲದಷ್ಟು ಉಳಿದಿದೆ, ಸೊಳ್ಳೆ ಕಚ್ಚಿದರೂ ಗೊತ್ತಾಗಲ್ಲ.

ಆದರೆ ಪಾದವನ್ನು ಮೇಲಕ್ಕೆ ಎತ್ತಲು ಆಗುತ್ತಿಲ್ಲ, ಚಪ್ಪಲಿ ಜಾರಿಹೋಗುತ್ತಿದೆ, ಹೆಬ್ಬೆರಳು ನೆಲಕ್ಕೆ ಎಡವುತ್ತಿದೆ ಅಂದರೆ ಅದು ಬೇರೆಯೇ ವಿಷಯ. ಅಪರೂಪ, ಆದರೆ ಅವತ್ತೇ ಫೋನ್ ಮಾಡಬೇಕು.

ಉಬ್ಬು ಹೋಯ್ತು, ಕಂದು ಗೆರೆ ಉಳಿದಿದೆ. ಇದಕ್ಕೆ ಕ್ರೀಮ್ ಇದೆಯಾ?

ರಕ್ತದಲ್ಲಿನ ಕಬ್ಬಿಣದ ಅಂಶ ಚರ್ಮದಲ್ಲಿ ಕೂತು ಆಗುವ ಕಲೆ ಅದು. ನಮ್ಮಂಥ ಬಣ್ಣದವರಿಗೆ ಎದ್ದು ಕಾಣುತ್ತದೆ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷದ ಮೇಲೂ ಬೇಕು ಮಾಸಲು. ಬಿಸಿಲು ಬೀಳದ ಹಾಗೆ ನೋಡಿಕೊಳ್ಳಿ. ಬೆಳ್ಳಗಾಗುವ ಕ್ರೀಮಿಗೆ ದುಡ್ಡು ಸುರಿಯುವ ಮೊದಲು ಆರು ತಿಂಗಳು ಕಾಯಿರಿ. ಚಿಕಿತ್ಸೆ ಆದ ಜಾಗದಲ್ಲಿ ಕೆಂಪು ಎಳೆಗಳ ಬಲೆ ಹೊಸದಾಗಿ ಹುಟ್ಟಿಕೊಳ್ಳುವುದೂ ಉಂಟು. ಅದೂ ಬಹಳಷ್ಟು ಸಲ ತಾನಾಗಿ ಮಾಸುತ್ತದೆ. ಅಪಾಯವಿಲ್ಲ, ನೋಡಲು ಬೇಜಾರು ಅಷ್ಟೇ.

ಯಾವುದಕ್ಕೆ ಬೆಳಗಿನವರೆಗೆ ಕಾಯಬಾರದು?

ಒಂದೇ ಕಾಲು ಇದ್ದಕ್ಕಿದ್ದ ಹಾಗೆ ದಪ್ಪಗೆ ಊದಿ, ಬಿಗಿಯಾಗಿ, ಮೀನಖಂಡ ನೋಯುತ್ತಿದೆ ಅಂದರೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಇದು 100 ಜನರಲ್ಲಿ ಒಬ್ಬರಿಗೋ ಅದಕ್ಕೂ ಕಡಿಮೆಯೋ ಆಗುವಂಥದ್ದು, ಆದರೆ ಆದವರಿಗೆ ಆಯಿತಲ್ಲ. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಇದ್ದಕ್ಕಿದ್ದಂತೆ ಏದುಸಿರು, ಉಸಿರು ಎಳೆದಾಗ ಎದೆ ಚುಚ್ಚುವುದು, ಕೆಮ್ಮಿದರೆ ರಕ್ತ, ಕಣ್ಣು ಕತ್ತಲೆ ಬಂದು ಬೀಳುವುದು, ಇದರಲ್ಲಿ ಒಂದಾದರೂ ಸರಿ, 108ಕ್ಕೆ ಫೋನ್ ಮಾಡಿ. "ಗ್ಯಾಸ್ ಇರಬೇಕು, ಸೋಡಾ ಕುಡಿ" ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ, ಅವರ ಮಾತು ಕೇಳಬೇಡಿ.

ಜ್ವರ, ಗಾಯದಲ್ಲಿ ಕೀವು, ಹರಡುತ್ತಿರುವ ಕೆಂಪು ಇದ್ದರೆ ಅದೇ ದಿನ ತೋರಿಸಿ.

ಒಂದು ವಾರದ ಸ್ಕ್ಯಾನ್ ರಿಪೋರ್ಟಿನಲ್ಲಿ ತೊಡೆಸಂದಿನ ಹತ್ತಿರ ಹೆಪ್ಪು ಇದೆ ಅಂತ ಬರೆದಿದ್ದಾರೆ. ಹೆದರಬೇಕಾ?

ಸುಟ್ಟ ನಾಳದ ತುದಿ ಆಳದ ದೊಡ್ಡ ನಾಳಕ್ಕೆ ಸೇರುವ ಜಾಗದಲ್ಲಿ ಬಿಸಿಯಿಂದಾಗಿ ಸ್ವಲ್ಪ ಹೆಪ್ಪು ಕೂರುವುದಿದೆ. ಎಲ್ಲಿವರೆಗೆ ಬಂದಿದೆ ಅನ್ನುವುದೇ ಮುಖ್ಯ. ಬಾಗಿಲ ಹೊರಗೇ ನಿಂತಿದ್ದರೆ ಸಾಮಾನ್ಯವಾಗಿ ನೋಡುತ್ತಾ ಕಾಯುತ್ತಾರೆ. ಆಳದ ನಾಳದ ಒಳಗೆ ಚಾಚಿಕೊಂಡಿದ್ದರೆ ಎಷ್ಟು ಚಾಚಿದೆ ನೋಡಿ ಕೆಲವು ವಾರ ರಕ್ತ ತೆಳುವಾಗಿಸುವ ಮಾತ್ರೆ ಕೊಡುತ್ತಾರೆ, ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಹೆಚ್ಚಿನವು ಕರಗಿಹೋಗುತ್ತವೆ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಫೋಮ್ ಚುಚ್ಚಿದ ಕೂಡಲೇ ಕಣ್ಣು ಮಂಜಾಯಿತು, ಮಿಂಚು ಮಿಂಚು ಕಂಡಿತು.

ಕೆಲವರಿಗೆ ಹಾಗಾಗುತ್ತದೆ, ಜೊತೆಗೆ ತಲೆನೋವು, ಒಣಕೆಮ್ಮು, ಎದೆ ಬಿಗಿತ ಕೂಡ. ಸಾಮಾನ್ಯವಾಗಿ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಸರಿಹೋಗುತ್ತದೆ. ಸುಮಾರು ನಾಲ್ಕರಲ್ಲಿ ಒಬ್ಬರ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಹುಟ್ಟಿನಿಂದಲೇ ಒಂದು ಕಿಂಡಿ ಪೂರ್ತಿ ಮುಚ್ಚಿರುವುದಿಲ್ಲ, ನೊರೆಯ ಗುಳ್ಳೆ ಅದರ ಮೂಲಕ ಮೇಲೆ ಹೋಗಬಹುದು. ಮೈಗ್ರೇನ್ ಇದ್ದವರು, ಹೃದಯದಲ್ಲಿ ರಂಧ್ರ ಇದೆ ಅಂತ ಗೊತ್ತಿದ್ದವರು ಮೊದಲೇ ಹೇಳಬೇಕು. ಮಾತು ತೊದಲಿದರೆ, ಕೈಯಲ್ಲಿ ಶಕ್ತಿ ಹೋದರೆ ಮನೆಗೆ ಬರಬೇಡಿ, ಅಲ್ಲೇ ಹೇಳಿ. ತುಂಬಾ ಅಪರೂಪಕ್ಕೆ ಪಾರ್ಶ್ವವಾಯು ಆದದ್ದೂ ಇದೆ.

ಗ್ಲೂ ಹಾಕಿಸಿಕೊಂಡೆ, ಹತ್ತು ದಿನಕ್ಕೆ ತೊಡೆ ಪೂರ್ತಿ ಕೆಂಪಾಗಿ ತುರಿಕೆ.

ಸೋಂಕು ಅಂತ ಆಂಟಿಬಯಾಟಿಕ್ ಶುರು ಮಾಡುವವರಿದ್ದಾರೆ. ಬಹಳ ಸಲ ಅದು ಅಂಟಿಗೆ ಮೈ ತೋರಿಸುವ ಅಲರ್ಜಿ. ಅಲರ್ಜಿ ಮಾತ್ರೆಗೆ, ಜಾಸ್ತಿ ಇದ್ದರೆ ಕೆಲವು ದಿನದ ಸ್ಟೀರಾಯ್ಡ್‌ಗೆ ಇಳಿಯುತ್ತದೆ. ಅಂಟು ಮಾತ್ರ ಬಹುಕಾಲ ಒಳಗೇ ಇರುತ್ತದೆ, ತೆಗೆಯಬೇಕಾದ ಪರಿಸ್ಥಿತಿ ಬರುವುದು ವಿರಳ. ನಿಮಗೆ ಅಂಟು, ಕೃತಕ ಉಗುರು, ರೆಪ್ಪೆಯ ಅಂಟು ಆಗಿಬರುವುದಿಲ್ಲ ಅಂತಿದ್ದರೆ ಇದನ್ನು ಆರಿಸುವ ಮೊದಲೇ ಹೇಳಿ.

ಮತ್ತೆ ಬಂತಲ್ಲ! ಡಾಕ್ಟರು ಸರಿಯಾಗಿ ಮಾಡಲಿಲ್ವಾ?

ನನ್ನ ಸಿಟ್ಟೂ ಇದೇ ಆಗಿತ್ತು. ಆದರೆ "ಮತ್ತೆ ಬಂತು" ಅನ್ನುವ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳಿವೆ.

ಕೆಲವು ಸಲ ಹಳೆಯದೇ ಪೂರ್ತಿ ಹೋಗಿರುವುದಿಲ್ಲ. ಮುಚ್ಚಿದ ನಾಳ ಮತ್ತೆ ಬಾಯಿ ಬಿಡುತ್ತದೆ, ಅಥವಾ ದೊಡ್ಡ ನಾಳ ಮುಚ್ಚಿ ಕವಲುಗಳನ್ನು ಹಾಗೇ ಬಿಟ್ಟಿರುತ್ತಾರೆ. ಇದು ಮೊದಲ ವರ್ಷದೊಳಗೇ ಗೊತ್ತಾಗುವುದು ಜಾಸ್ತಿ. ಎರಡನೆಯದು, ರೋಗ ಗುರುತಿಸುವಾಗಲೇ ಲೆಕ್ಕ ತಪ್ಪಿರುತ್ತದೆ. ಸೋರುತ್ತಿದ್ದದ್ದು ಹಿಂಬದಿಯ ಚಿಕ್ಕ ನಾಳ, ಮುಚ್ಚಿದ್ದು ಒಳಬದಿಯ ದೊಡ್ಡ ನಾಳ. ಹೆಂಗಸರಲ್ಲಿ ಕೆಲವು ಸಲ ಮೂಲ ಕಾಲಿನಲ್ಲೇ ಇರುವುದಿಲ್ಲ, ಕಿಬ್ಬೊಟ್ಟೆಯ ಒಳಗಿನ ನಾಳಗಳಿಂದ ರಕ್ತ ಕೆಳಗೆ ಜಾರುತ್ತಿರುತ್ತದೆ. ತೊಡೆಯ ಹಿಂಭಾಗ, ಪೃಷ್ಠ, ಜನನಾಂಗದ ಹತ್ತಿರ ಉಬ್ಬು ಇದ್ದರೆ ಇದನ್ನು ನೋಡಲೇಬೇಕು, ನಾಚಿಕೆಯಿಂದ ಡಾಕ್ಟರಿಗೆ ತೋರಿಸದೆ ಬಂದವರು ಎಷ್ಟೋ ಜನ.

ಮೂರನೆಯದು ವಿಚಿತ್ರ. ತೊಡೆಸಂದಿನಲ್ಲಿ ಕೊಯ್ದು ಕಟ್ಟಿದ ಜಾಗದಲ್ಲಿ ಮೈ ಹೊಸ ಸಣ್ಣ ನಾಳಗಳನ್ನು ತಾನೇ ಹೆಣೆದುಕೊಂಡು ಹಳೆಯ ಸಂಪರ್ಕ ಮತ್ತೆ ಕೂಡಿಸಿಬಿಡುತ್ತದೆ. ಕಡಿದ ಹಲಸಿನ ಬುಡದಲ್ಲಿ ಚಿಗುರು ಬಂದ ಹಾಗೆ. ಹಳೆಯ ಆಪರೇಷನ್ ಆದವರಲ್ಲಿ ಇದು ಜಾಸ್ತಿ, ಲೇಸರ್ ಆದವರಲ್ಲಿ ಕಡಿಮೆ.

ನಾಲ್ಕನೆಯದು ಯಾರ ತಪ್ಪೂ ಅಲ್ಲ. ಅವತ್ತು ಚೆನ್ನಾಗಿದ್ದ ಇನ್ನೊಂದು ನಾಳದ ವಾಲ್ವ್ ಈಗ ಸಡಿಲವಾಗಿದೆ. ನನ್ನದು ಇದೇ. ಲೇಸರ್ ಮಾಡಿದ ನಾಳ ನಾಲ್ಕು ವರ್ಷ ಆದಮೇಲೂ ಭದ್ರವಾಗಿ ಮುಚ್ಚಿತ್ತು. ಸೋರುತ್ತಿದ್ದದ್ದು ತೊಡೆಯ ಮುಂಭಾಗದಲ್ಲಿ ಇಳಿಯುವ ಅದರ ಜೊತೆಗಾರ ನಾಳ. ಲೇಸರ್ ಆದವರಲ್ಲಿ ಮತ್ತೆ ಕಾಣಿಸಿಕೊಳ್ಳುವ ಒಂದು ಮುಖ್ಯ ದಾರಿಯೇ ಇದು ಅಂತ ಆಮೇಲೆ ತಿಳಿಯಿತು. ಅಂದರೆ ಮೊದಲ ಡಾಕ್ಟರ ಕೈಕೆಲಸ ಸರಿಯಾಗಿಯೇ ಇತ್ತು. ತಪ್ಪಿದ್ದು ಅವರ ಮಾತು.

ಎಷ್ಟು ಜನಕ್ಕೆ ಮತ್ತೆ ಬರುತ್ತದೆ? ಯಾವ ವಿಧಾನ ಒಳ್ಳೆಯದು?

ಡೆನ್ಮಾರ್ಕಿನಲ್ಲಿ 500 ರೋಗಿಗಳಿಗೆ ಲೇಸರ್, ರೇಡಿಯೋ ಫ್ರೀಕ್ವೆನ್ಸಿ, ಫೋಮ್, ಹಳೆಯ ಆಪರೇಷನ್ ಈ ನಾಲ್ಕನ್ನೂ ಹಂಚಿ ಮಾಡಿ ನೋಡಿದ್ದರು, 2011ರಲ್ಲಿ ಫಲಿತಾಂಶ ಬಂತು. ಒಂದು ವರ್ಷದ ಹೊತ್ತಿಗೆ ದೊಡ್ಡ ನಾಳ ಮತ್ತೆ ತೆರೆದುಕೊಂಡದ್ದು ಅಥವಾ ಉಳಿದುಹೋದದ್ದು ಲೇಸರ್‌ನಲ್ಲಿ ಶೇ. 5.8, ರೇಡಿಯೋ ಫ್ರೀಕ್ವೆನ್ಸಿಯಲ್ಲಿ ಶೇ. 4.8, ಆಪರೇಷನ್‌ನಲ್ಲೂ ಶೇ. 4.8, ಫೋಮ್‌ನಲ್ಲಿ ಮಾತ್ರ ಶೇ. 16.3. ದೊಡ್ಡ ನಾಳಕ್ಕೆ ಫೋಮ್ ಒಂದೇ ಸಾಕು ಅಂತ ಯಾರಾದರೂ ಕಡಿಮೆ ರೇಟು ಹೇಳಿದರೆ ಈ ಲೆಕ್ಕ ನೆನಪಿರಲಿ.

ಇದು ಆ ನಾಳದ ಲೆಕ್ಕ. ಕಣ್ಣಿಗೆ ಕಾಣುವ ಉಬ್ಬಿನ ಲೆಕ್ಕ ಬೇರೆ. ಅದೇ ದೇಶದ ಇನ್ನೊಂದು ಅಧ್ಯಯನದಲ್ಲಿ ಲೇಸರ್ ಆಗಲಿ, ಆಪರೇಷನ್ ಆಗಲಿ, 5 ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಎಲ್ಲಾದರೂ ಒಂದು ಕಡೆ ಮತ್ತೆ ಉಬ್ಬು ಕಾಣಿಸಿತ್ತು. ಗಾಬರಿ ಬೇಡ, ಅದರಲ್ಲಿ ಬಹಳಷ್ಟು ಸಣ್ಣವು. ಆದರೆ "ಗ್ಯಾರಂಟಿ" ಅಂತ ಬೋರ್ಡು ಹಾಕುವವರನ್ನು ಕಂಡರೆ ನನಗೆ ಈಗ ನಗು ಬರುತ್ತದೆ.

ಮತ್ತೆ ಲೇಸರ್ ಮಾಡೋಣ ಅಂತಿದ್ದಾರೆ. ಒಪ್ಪಿಕೊಳ್ಳಲಾ?

ಮೊದಲು ಡಾಪ್ಲರ್ ಸ್ಕ್ಯಾನ್ (ನಾಳದಲ್ಲಿ ರಕ್ತ ಯಾವ ಕಡೆ ಹರಿಯುತ್ತಿದೆ ಅಂತ ತೋರಿಸುವ ಸ್ಕ್ಯಾನ್) ಮಾಡಿಸಿ, ಅದೂ ನಿಂತುಕೊಂಡು. ಮಲಗಿಸಿ ಐದು ನಿಮಿಷದಲ್ಲಿ ಮುಗಿಸಿದ ಸ್ಕ್ಯಾನ್ ಈ ಕೆಲಸಕ್ಕೆ ಸಾಲದು, ಮಲಗಿದಾಗ ರಕ್ತ ಕೆಳಗೆ ಜಾರುವುದೇ ಇಲ್ಲವಲ್ಲ. ಮೀನಖಂಡ ಹಿಂಡಿ ಬಿಟ್ಟಾಗ ಚರ್ಮದ ಹತ್ತಿರದ ನಾಳದಲ್ಲಿ ರಕ್ತ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೆ ಹರಿದರೆ ವಾಲ್ವ್ ಕೆಟ್ಟಿದೆ ಅಂತ ಲೆಕ್ಕ. ಆಮೇಲೆ ಡಾಕ್ಟರ ಮುಂದೆ ಕೂತು ಹೀಗೆ ಕೇಳಿ: "ಸಾರ್, ಈಗ ಸೋರುತ್ತಿರುವುದು ಯಾವ ನಾಳ? ಹೋದ ಸಲ ಮುಚ್ಚಿದ್ದು ಮುಚ್ಚಿಯೇ ಇದೆಯಾ? ಆಳದ ನಾಳ ಹೇಗಿದೆ?" ಈ ಮೂರಕ್ಕೆ ಕಾಗದದ ಮೇಲೆ ಗೆರೆ ಎಳೆದು ತೋರಿಸುವ ಡಾಕ್ಟರು ಸಿಕ್ಕರೆ ನಿಶ್ಚಿಂತೆ. ರಿಸೆಪ್ಶನ್‌ನಲ್ಲೇ ಪ್ಯಾಕೇಜ್ ರೇಟು ಹೇಳಿ ನಾಳೆ ಬನ್ನಿ ಅಂದರೆ ಎದ್ದು ಬನ್ನಿ.

ಎರಡನೇ ಸಲ ದೊಡ್ಡ ಕೆಲಸವೇ ಬೇಕು ಅಂತೇನಿಲ್ಲ. ಸುರುಳಿ ಸುತ್ತಿದ ಕವಲುಗಳಿಗೆ ಫೋಮ್ ಸಾಕಾಗುತ್ತದೆ, ನನಗೆ ಎರಡು ಸಲದ ಫೋಮ್‌ನಲ್ಲೇ ಮುಗಿಯಿತು. ಹಳೆಯ ಗಾಯದ ಮೇಲೆ ತೊಡೆಸಂದಿನಲ್ಲಿ ಮತ್ತೆ ಕೊಯ್ಯುವುದು ಕಷ್ಟದ ಕೆಲಸ, ಸೋಂಕು, ನೀರು ಸೋರುವುದು ಜಾಸ್ತಿ. ಬೇರೆ ದಾರಿ ಇಲ್ಲದಿದ್ದರೆ ಮಾತ್ರ. ನೋವಿಲ್ಲ, ಊತವಿಲ್ಲ, ಚರ್ಮ ಚೆನ್ನಾಗಿದೆ, ಬರೀ ಒಂದೆರಡು ಉಬ್ಬು ಅಂದರೆ ಏನೂ ಮಾಡದೆ ಇರುವುದೂ ಒಂದು ಉತ್ತರವೇ.

ವೆರಿಕೋಸ್‌ನಿಂದ ಕಾಲಿನಲ್ಲಿ ಹುಣ್ಣು ಇತ್ತು, ಚಿಕಿತ್ಸೆಯಿಂದ ವಾಸಿಯಾಯಿತು. ಅದೂ ಮತ್ತೆ ಬರುತ್ತಾ?

ಬರಬಹುದು. ಆದರೆ ಇಲ್ಲಿ ಚಿಕಿತ್ಸೆಯ ಲಾಭ ದೊಡ್ಡದು. ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಬರೀ ಬಿಗಿ ಪಟ್ಟಿ ಕಟ್ಟಿದವರಲ್ಲಿ 4 ವರ್ಷದೊಳಗೆ ಶೇ. 56 ಜನಕ್ಕೆ ಹುಣ್ಣು ಮರಳಿತ್ತು, ಪಟ್ಟಿಯ ಜೊತೆ ಆಪರೇಷನ್ನೂ ಆದವರಲ್ಲಿ ಶೇ. 31ಕ್ಕೆ ಇಳಿದಿತ್ತು. 2018ರಲ್ಲಿ ಬಂದ ಅಲ್ಲಿನದೇ ಇನ್ನೊಂದರಲ್ಲಿ, ಹುಣ್ಣು ಇರುವಾಗಲೇ ತಡಮಾಡದೆ ನಾಳ ಮುಚ್ಚಿದವರಿಗೆ ಗಾಯ ಒಣಗಲು ಸುಮಾರು 56 ದಿನ, ಕಾದವರಿಗೆ 82 ದಿನ ಹಿಡಿಯಿತು. "ಹುಣ್ಣು ಒಣಗಲಿ, ಆಮೇಲೆ ನೋಡೋಣ" ಅನ್ನುವ ಹಳೆಯ ಮಾತು ಈಗ ಸಲ್ಲದು. ಪಾದದ ಗಿಣ್ಣಿನ ಒಳಬದಿ ಚರ್ಮ ಕಪ್ಪಾಗಿ, ಗಟ್ಟಿಯಾಗಿ, ಕಡಿತ ಶುರುವಾದರೆ ಅದೇ ಮುನ್ಸೂಚನೆ. ಅಂಗಡಿಯ ಹುಳುಕಡ್ಡಿ ಮುಲಾಮು ಹಚ್ಚುತ್ತಾ ವರ್ಷ ಕಳೆಯಬೇಡಿ.

ಸ್ಟಾಕಿಂಗ್ಸ್ ಎಷ್ಟು ದಿನ ಹಾಕಬೇಕು? ಈ ಸೆಖೆಯಲ್ಲಿ ಸತ್ತೇಹೋಗ್ತೀನಿ.

ರಾಯಚೂರಿನ ಏಪ್ರಿಲ್‌ನಲ್ಲಿ, ಮಂಗಳೂರಿನ ಬೆವರಿನಲ್ಲಿ ಕಾಲನ್ನು ಬಿಗಿಹಿಡಿಯುವ ಆ ಉದ್ದ ಕಾಲುಚೀಲ ಹಾಕಿ ಅನ್ನುವುದು ಸುಲಭ, ಹಾಕುವುದು ಅಲ್ಲ. ನಾಳ ಸುಟ್ಟ ಮೇಲೆ ಹಾಕಿದರೂ 7 ದಿನಕ್ಕಿಂತ ಹೆಚ್ಚು ಬೇಡ ಅಂತ ಬ್ರಿಟನ್ನಿನ 2013ರ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ ಕೆಲವರು ಎರಡು ವಾರ, ಕೆಲವರು ತಿಂಗಳು ಹೇಳುತ್ತಾರೆ, ಕವಲುಗಳನ್ನೂ ತೆಗೆದಿದ್ದರೆ ಅಥವಾ ಹುಣ್ಣು ಇದ್ದರೆ ಲೆಕ್ಕ ಬೇರೆ, ಹಾಗಾಗಿ ನಿಮ್ಮ ಡಾಕ್ಟರನ್ನು ಕೇಳಿ. ಮೇಲಿನ ಅಂಚು ಸುರುಳಿಯಾಗಿ ಜಾರಿ ಕೂತರೆ ದಾರ ಕಟ್ಟಿದ ಹಾಗಾಗುತ್ತದೆ, ಅದಕ್ಕಿಂತ ಹಾಕದಿರುವುದೇ ಮೇಲು. ಸಕ್ಕರೆ ಕಾಯಿಲೆಯವರು, ಬೀಡಿ ಸಿಗರೇಟಿನವರು ಕಾಲಿಗೆ ರಕ್ತ ಸರಿಯಾಗಿ ಬರುತ್ತಿದೆಯಾ ಅಂತ ನೋಡಿಸಿಕೊಂಡೇ ಹಾಕಬೇಕು.

ನಿಲ್ಲುವ ಕೆಲಸ ಬಿಡಬೇಕಾ?

ಹೋಟೆಲ್ ಭಟ್ಟರು, ಕಂಡಕ್ಟರು, ಟ್ರಾಫಿಕ್ ಪೊಲೀಸರು, ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು, ಇವರಿಗೆಲ್ಲ ಕೆಲಸ ಬಿಡಿ ಅನ್ನಲು ನಾನು ಯಾರು? ನಿಂತಲ್ಲೇ ನಿಲ್ಲುವುದು ಕೆಟ್ಟದ್ದು, ನಡೆದಾಡುವುದಲ್ಲ. ನಾನೀಗ ಪಾಠ ಮಾಡುತ್ತಾ ಬೆಂಚುಗಳ ನಡುವೆ ಓಡಾಡುತ್ತೇನೆ, ಬೋರ್ಡಿನ ಮುಂದೆ ನಿಂತರೆ ಹಿಮ್ಮಡಿ ಎತ್ತಿ ಇಳಿಸುತ್ತೇನೆ. ಹುಡುಗರು ನಗುತ್ತಾರೆ. ನಗಲಿ. ಹೊಟ್ಟೆ ಇಳಿಸಿದರೆ ಒಳ್ಳೆಯದು. ಅಪ್ಪ ಅಮ್ಮನಿಂದ ಬಂದ ಗುಣವನ್ನು ಮಾತ್ರ ಬದಲಿಸಲು ಆಗಲ್ಲ.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಬೇಕು, ಲೇಸರ್ ಆಗಿ ಹತ್ತೇ ದಿನ.

ಉದ್ದದ ವಿಮಾನ ಪ್ರಯಾಣವನ್ನು ಸುಮಾರು 4 ವಾರ ಮುಂದೂಡಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಟಿಕೆಟ್ ಮೊದಲೇ ಆಗಿದ್ದರೆ ಚಿಕಿತ್ಸೆಯನ್ನೇ ಬಂದ ಮೇಲೆ ಇಟ್ಟುಕೊಳ್ಳಿ, ಇದೇನು ಓಡಿಹೋಗುವ ಕಾಯಿಲೆಯಲ್ಲ. ಹೋಗಲೇಬೇಕು ಅಂದರೆ ರಕ್ತ ತೆಳುವಾಗಿಸುವ ಔಷಧಿ ಬೇಕಾ ಅಂತ ಡಾಕ್ಟರನ್ನು ಕೇಳಿ.

ಇನ್ನೊಂದು ಮಗು ಬೇಕು. ಚಿಕಿತ್ಸೆ ಈಗಲೋ, ಆಮೇಲೋ?

ಬಸಿರಿನಲ್ಲಿ ಮತ್ತೆ ಉಬ್ಬುವುದು ಸಾಮಾನ್ಯ, ಹೆರಿಗೆಯಾಗಿ ಕೆಲವು ತಿಂಗಳಲ್ಲಿ ಬಹಳಷ್ಟು ಇಳಿಯುತ್ತದೆ. ತೊಂದರೆ ಕಡಿಮೆ ಇದ್ದರೆ ಮಕ್ಕಳೆಲ್ಲ ಆದಮೇಲೆ ಮಾಡಿಸುವುದು ಲೇಸು. ಬಸುರಿಯಿದ್ದಾಗ ಸ್ಟಾಕಿಂಗ್ಸ್ ಮಾತ್ರ.

ಮುಂದೆ ಹಾರ್ಟ್ ಬೈಪಾಸ್‌ಗೆ ಕಾಲಿನ ನಾಳ ಬೇಕಾದರೆ?

ಊದಿ ಸುರುಳಿ ಸುತ್ತಿದ ನಾಳ ಬೈಪಾಸ್‌ಗೆ ಹೇಗೂ ಬರುವುದಿಲ್ಲ. ಎದೆಯ ಒಳಗಿನ ನಾಳ, ಕೈಯ ನಾಳ, ಇನ್ನೊಂದು ಕಾಲಿನದು ಇವೆ.

ಸ್ನಾನ ಮಾಡುವಾಗ ಉಬ್ಬು ಒಡೆದು ರಕ್ತ ಚಿಮ್ಮಿತು!

ನೋಡಿದವರಿಗೆ ಪ್ರಾಣವೇ ಹೋದ ಹಾಗಾಗುತ್ತದೆ, ಆದರೆ ನಿಲ್ಲಿಸುವುದು ಸುಲಭ. ಕೂಡಲೇ ನೆಲದ ಮೇಲೆ ಮಲಗಿ, ಕಾಲು ಎದೆಗಿಂತ ಎತ್ತರಕ್ಕೆ ಎತ್ತಿ, ಸೋರುವ ಜಾಗದ ಮೇಲೆ ಶುದ್ಧ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ. ಮೊಣಕಾಲಿನ ಮೇಲೆ ಟವೆಲ್ ಬಿಗಿದು ಕಟ್ಟಬೇಡಿ, ರಕ್ತ ಇನ್ನೂ ಜಾಸ್ತಿ ಬರುತ್ತದೆ. ಕುರ್ಚಿಯ ಮೇಲೆ ಕೂರಿಸಬೇಡಿ. ರಕ್ತ ನಿಲ್ಲದಿದ್ದರೆ ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ನಿಂತಿತು ಅಂದರೂ ಒಂದೆರಡು ದಿನದಲ್ಲಿ ತೋರಿಸಿ, ಒಮ್ಮೆ ಒಡೆದದ್ದು ಮತ್ತೆ ಒಡೆಯುತ್ತದೆ.

ಎಣ್ಣೆ ತಿಕ್ಕಿಸಲಾ? ಜಿಗಣೆ ಬಿಡಿಸಲಾ?

ಎಣ್ಣೆ ಚರ್ಮಕ್ಕೆ ಹಿತ, ವಾಲ್ವ್‌ವರೆಗೆ ಇಳಿಯುವುದಿಲ್ಲ. ಚಿಕಿತ್ಸೆಯಾದ ಮೊದಲ ವಾರಗಳಲ್ಲಿ ಗಟ್ಟಿಯಾಗಿ ತಿಕ್ಕಲೇಬಾರದು. ಜಿಗಣೆ ಕಚ್ಚಿದಲ್ಲಿ ಸೋಂಕಾಗಬಹುದು, ರಕ್ತ ತೆಳುವಾಗಿಸುವ ಮಾತ್ರೆಯಲ್ಲಿ ಇರುವವರಂತೂ ಹತ್ತಿರವೂ ಹೋಗಬೇಡಿ.

ಎರಡನೇ ಸಲಕ್ಕೆ ಇನ್ಶೂರೆನ್ಸ್ ಸಿಗುತ್ತಾ?

ಹಲವು ಪಾಲಿಸಿಗಳಲ್ಲಿ ವೆರಿಕೋಸ್ ವೇನ್ಸ್ ಅಂತ ಹೆಸರು ಬರೆದೇ 24 ತಿಂಗಳು ಕಾಯಬೇಕು ಅಂದಿರುತ್ತಾರೆ, ಹೊಸದಾಗಿ ಪಾಲಿಸಿ ಮಾಡಿಸುವವರು ಅದನ್ನು ಓದಿ. ಹಳೆಯ ಚಿಕಿತ್ಸೆಯನ್ನು ಮುಚ್ಚಿಟ್ಟರೆ ಕ್ಲೇಮ್ ಬಿದ್ದುಹೋಗುತ್ತದೆ. ಬರೀ ಅಂದಕ್ಕೆ ಅಂತ ಸಣ್ಣ ಕೆಂಪು ಎಳೆಗಳಿಗೆ ಚುಚ್ಚಿಸಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಮೊದಲ ಸಲದ ಡಿಸ್ಚಾರ್ಜ್ ಸಮ್ಮರಿ, ಡಾಪ್ಲರ್ ರಿಪೋರ್ಟ್ ಎರಡನ್ನೂ ಎತ್ತಿಡಿ. ನಾನು ನನ್ನದನ್ನು ಮನೆ ಬದಲಿಸುವಾಗ ರದ್ದಿಗೆ ಹಾಕಿಬಿಟ್ಟಿದ್ದೆ. ಯಾವ ನಾಳವನ್ನು ಎಲ್ಲಿವರೆಗೆ ಸುಟ್ಟಿದ್ದಾರೆ ಅಂತ ತಿಳಿಯಲು ಎರಡನೇ ಡಾಕ್ಟರು ಮುಕ್ಕಾಲು ಗಂಟೆ ನನ್ನನ್ನು ನಿಲ್ಲಿಸಿ ಸ್ಕ್ಯಾನ್ ಮಾಡಬೇಕಾಯಿತು.